ಆಯುಧಪೂಜೆಯ ಫೋಟೊದಲ್ಲಿ ಪಾಸ್‌ವರ್ಡ್

ಆಯುಧಪೂಜೆಯ ಮಾರನೆಯ ದಿನ ಬೆಳಿಗ್ಗೆಯೇ ನಾಗವೇಣಿಯ ಫೋನು. ಅನುಗೊಂಡನಹಳ್ಳಿ ಕಡೆಯ ಗೋಡೌನೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವಳು. ಅಲ್ಲಿಯ ವೈರಿಂಗು, ಕೇಬಲ್ಲು ನನ್ನ ಕೆಲಸ. ಹಿಂದಿನ ದಿನ ಅಲ್ಲಿಯ ಸರ್ವರಿಗೆ, ಅಂದರೆ ಗೋಡೌನಿನ ಲೆಕ್ಕವೆಲ್ಲ ಇರುವ ದೊಡ್ಡ ಕಂಪ್ಯೂಟರಿಗೆ, ನಾನೇ ಪೂಜೆ ಮಾಡಿ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದೆ.

“ಅಣ್ಣಾ, ಸ್ಟೇಟಸ್ಸಲ್ಲಿರೋ ಫೋಟೊ ಮೊದ್ಲು ತೆಗೀರಿ.”

“ಯಾಕಮ್ಮ, ಅಲಂಕಾರ ಚೆನ್ನಾಗಿಲ್ವಾ?”

“ಚೆಂಡು ಹೂವು ಚೆನ್ನಾಗೈತೆ. ಪಕ್ಕದಲ್ಲಿ ಸರ್ವರ್ ಪಾಸ್‌ವರ್ಡೂ ಚೆನ್ನಾಗೇ ಕಾಣ್ತೈತೆ.”

ಜೂಮ್ ಮಾಡಿ ನೋಡಿದೆ. ಹೌದು. ಕಂಪನಿಯಿಂದ ಬರುವಾಗಲೇ ಸರ್ವರಿಗೆ ಅಂಟಿಸಿದ್ದ ಚೀಟಿ. (ಕುಂಕುಮ ತಾಗಿ ಹಾಳಾದೀತೆಂದು ಜೋಪಾನವಾಗಿ ಪಕ್ಕಕ್ಕೆ ಬೊಟ್ಟು ಇಟ್ಟಿದ್ದೆ.)

“ಸರ್ವರ್ ಆಫ್ ಮಾಡಿದ್ರೆ ಯಾರೇನು ಮಾಡಕ್ಕಾಗುತ್ತಮ್ಮ?” ಎಂದೆ.

ಅಲ್ಲೇ ನಾನು ಎಡವಿದ್ದು. ಸರ್ವರಿನೊಳಗೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದಂತೆ. ದೊಡ್ಡದು ಮಲಗಿದರೂ ಇದು ಎದ್ದಿರುತ್ತದೆ. ದೂರದಲ್ಲಿ ಕೂತವರು ಇದರ ಮೂಲಕ ಸರ್ವರನ್ನು ಆನ್, ಆಫ್ ಮಾಡಬಹುದು. ಒಳಗಿರುವುದನ್ನೆಲ್ಲ ಅಳಿಸಲೂಬಹುದು. ಚೀಟಿಯಲ್ಲಿದ್ದದ್ದು ಅದರ ಪಾಸ್‌ವರ್ಡ್. ಸರ್ವರ್ ಬಂದ ದಿನವೇ ಅದನ್ನು ಬದಲಾಯಿಸಿ, ಆ ಪುಟ್ಟ ಕಂಪ್ಯೂಟರಿನ ಕೇಬಲ್ಲನ್ನು ಪ್ರತ್ಯೇಕ ಲೈನಿಗೆ ಹಾಕಬೇಕು. ನಾನು ಹಾಕಿದ್ದು ಲಾರಿ ಡ್ರೈವರುಗಳು ರೀಲ್ಸ್ ನೋಡುವ ವೈಫೈ ಲೈನಿಗೆ.

ಬೀಗ ತಂದು ಕೀಲಿಯನ್ನು ಅದಕ್ಕೇ ನೇತುಹಾಕುವವರುಂಟೆ? ನಿಮ್ಮ ಮನೆಯ ಸಿಸಿ ಕ್ಯಾಮೆರಾ ಪಾಸ್‌ವರ್ಡ್ ಬದಲಾಯಿಸಿದ್ದೀರಾ? (ಹೊಸಕೋಟೆಯಲ್ಲಿ ನಾನು ಕ್ಯಾಮೆರಾ ಹಾಕಿಕೊಟ್ಟವರಲ್ಲಿ ಒಬ್ಬರೂ ಬದಲಾಯಿಸಿಲ್ಲ.)

ಪುಣ್ಯಕ್ಕೆ ಯಾರೂ ಒಳಗೆ ನುಗ್ಗಿರಲಿಲ್ಲ. ಅವಳು ಪಾಸ್‌ವರ್ಡ್ ಬದಲಾಯಿಸಿದಳು, ನಾನು ಕೇಬಲ್ ಬದಲಾಯಿಸಿದೆ. ಆದರೆ ಫೋಟೊ ಗೋಡೌನಿನ ಮ್ಯಾನೇಜರಿಗೂ ತಲುಪಿತ್ತು. ಮಧ್ಯಾಹ್ನ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಸರ್ವರ್ ಕೂರಿಸಿದ ದಿನದ ಚೆಕ್‌ಲಿಸ್ಟ್. ಪಾಸ್‌ವರ್ಡ್ ಬದಲಾಯಿಸಿದ್ದಾಗಿದೆ ಎನ್ನುವ ಇಂಗ್ಲಿಷ್ ಸಾಲಿನ ಮುಂದೆ ಟಿಕ್. ಕೆಳಗೆ ನಾಗವೇಣಿಯ ಸಹಿ.

“ಸುಳ್ಳು ಸಹಿ ಹಾಕೋರನ್ನ ಕೆಲಸದಲ್ಲಿ ಇಟ್ಕೊಳಕ್ಕಾಗಲ್ಲಮ್ಮ,” ಎಂದರು.

ಟಿಕ್ ನನ್ನದು. ‘ಅಣ್ಣ ಮಾಡಿರ್ತಾರೆ’ ಎಂದು ಅವಳು ಸಹಿ ಹಾಕಿದ್ದಳು. ನನ್ನ ಕೆಲಸವನ್ನು ಯಾರೂ ಎರಡನೇ ಸಲ ಬಂದು ನೋಡಿದ್ದಿಲ್ಲ, ನೋಡುವ ಅಗತ್ಯವೂ ಬಿದ್ದಿಲ್ಲ. ಆ ಸಾಲು ಮಾತ್ರ ನನಗೆ ಅರ್ಥವಾಗಿರಲಿಲ್ಲ. ಮಗಳ ವಯಸ್ಸಿನವಳನ್ನು ಕೇಳುವುದು ಹೇಗೆ? ಟಿಕ್ ಹಾಕುವುದು ಸುಲಭವಾಗಿತ್ತು.

“ಟಿಕ್ ನಂದು ಸಾರ್. ಏನು ಬರ್ದಿದ್ರೋ ತಿಳೀಲಿಲ್ಲ, ಹಾಕ್ಬಿಟ್ಟೆ.”

“ಎಷ್ಟು ಓದಿದೀರಾ?”

“ಏಳನೇ ಕ್ಲಾಸು.”

“ಅದಕ್ಕೇ ಮತ್ತೆ.”

ನಾನು ಹಾಳೆಯ ಹಿಂಬದಿ ತಿರುಗಿಸಿ ಅವರ ಮುಂದಿಟ್ಟೆ. ಮ್ಯಾನೇಜರ್ ಪರಿಶೀಲಿಸಿ ಸಹಿ ಹಾಕಬೇಕಾದ ಜಾಗದಲ್ಲಿ ಅವರದೇ ಸಹಿ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಸರಿ. ಇನ್ಮೇಲೆ ಎಲ್ರೂ ಓದಿ ಸಹಿ ಹಾಕೋಣ. ಹೋಗಮ್ಮ, ಕೆಲಸ ನೋಡ್ಕೋ.”

ಅವರು ಎಷ್ಟು ಓದಿದ್ದಾರೆ ಎಂದು ನಾನು ಕೇಳಲಿಲ್ಲ.