ತೋಳಿನ ತೋಡು, ಚೆಲ್ಲಿದ ಅಕ್ಷತೆ

ಯುಗಾದಿಯ ಬೆಳಿಗ್ಗೆ ಮಗಳು ಅಪ್ಪನ ಕಾಲಿಗೆ ನಮಸ್ಕರಿಸಿದಳು. ನನ್ನ ಗಂಡ ಅಕ್ಷತೆ ಹಿಡಿದು ಬಲಗೈ ಎತ್ತಿದರು. ತೋಳು ಎದ್ದಿತು, ಆದರೆ ಮಣಿಕಟ್ಟಿನಿಂದಾಚೆ ಹಸ್ತ ಜೋತುಬಿತ್ತು. ಅಕ್ಷತೆಯೆಲ್ಲ ಅವಳ ತಲೆ ಮುಟ್ಟುವ ಮೊದಲೇ ಕಾರ್ಪೆಟ್ ಮೇಲೆ ಚೆಲ್ಲಿತು.

ಆ ಚಳಿಗಾಲದಲ್ಲಿ ಅಮೆರಿಕದ ನೋವೈ ಊರಿನ ನಮ್ಮ ಮನೆ ಮುಂದೆಯೇ ಐಸ್ ಮೇಲೆ ಜಾರಿ ಅವರ ತೋಳಿನ ಮೂಳೆ ಮುರಿದಿತ್ತು. ಮೂಳೆಯ ಹಿಂಬದಿಯಲ್ಲಿ ಓರೆಯಾಗಿ ಒಂದು ತೋಡು ಇರುತ್ತದೆ, ಹಸ್ತವನ್ನು ಮೇಲೆತ್ತುವ ನರ ಅದರಲ್ಲೇ ಸಾಗುತ್ತದೆ, ಮುರಿದದ್ದು ಸರಿಯಾಗಿ ಅಲ್ಲೇ ಎಂದಿದ್ದರು ಡಾಕ್ಟರು. ಮೂಳೆ ಕೂಡಿಕೊಂಡಿತು. ನರ ಚೇತರಿಸಿಕೊಳ್ಳಲಿಲ್ಲ.

“ಲೆಫ್ಟ್ ಹ್ಯಾಂಡ್ ಈಸ್ ಫೈನ್, ಅಪ್ಪಾ,” ಎಂದಳು ಮಗಳು, ಬಗ್ಗಿದಲ್ಲಿಂದಲೇ.

ಎಡಗೈಯಲ್ಲಿ ಹರಸಲು ಅವರಿಗೆ ಮನಸ್ಸು ಬರಲಿಲ್ಲ. ಕಾರಿನ ಎಂಜಿನ್‌ಗೆ ಪುಲ್ಲಿ, ಅಂದರೆ ಬೆಲ್ಟ್ ಓಡುವ ಗಾಲಿ, ಡಿಸೈನ್ ಮಾಡುವುದು ಅವರ ಕೆಲಸ. ನನ್ನ ಕಡೆ ತಿರುಗಿ, “ಪುಲ್ಲಿಗೆ ತೋಡು ಮಾಡೋದೇ ಬೆಲ್ಟ್ ಜಾರದೆ ಸೇಫಾಗಿರ್ಲಿ ಅಂತ ಕಣೇ. ನನ್ನ ತೋಳಲ್ಲಿ ಆ ತೋಡಲ್ಲೇ ಎಲ್ಲ ಹೋಯ್ತು,” ಎಂದರು. ಮಗಳು ಅವರ ಮಣಿಕಟ್ಟನ್ನು ಕೆಳಗಿನಿಂದ ಎತ್ತಿ, ಖಾಲಿ ಹಸ್ತವನ್ನು ತನ್ನ ತಲೆಯ ಮೇಲಿಟ್ಟುಕೊಂಡಳು.

ಈಗ ಅವಳು ಓದಲು ದೂರ ಹೋಗಿದ್ದಾಳೆ. ಹಬ್ಬದ ದಿನ ಅವಳ ಫೋನ್ ಬಂದರೆ ಇವರು ಸ್ಪೀಕರ್ ಹಾಕುತ್ತಾರೆ. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ, ಅವಳಿಗೆ ತಿಳಿಯದ ಹಾಗೆ, ಫೋನಿನ ಮೇಲೆ ಇಡುತ್ತಾರೆ.