ಕೂಸಿನ ಹಾಲು ಹೊತ್ತ ನಿಧಾನಣ್ಣ

ಬೆಳಕಿನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆ ಬಟ್ಟೆ ಒಗೆಯೋ ಲಾಂಡ್ರಿಯ ಹಿಂಬಾಗಿಲಲ್ಲಿ ಒಂದು ಹಳೇ ಸ್ಕೂಟರು ಕೆಮ್ಮುತ್ತಾ ನಿಂತಿದೆ. ಬಾಗಿಲು ತೆರೀತಿದ್ದಂಗೆ ಹಬೆ ನುಗ್ಗುತ್ತೆ, ಹಬೆ ಹಿಂದೆ ಒಬ್ಬಳು ತಾಯಿ ಬರ್ತಾಳೆ. ಕೈಲಿ ಪುಟ್ಟ ಫ್ಲಾಸ್ಕು.

"ಅಣ್ಣ, ಕೂಸಿಗೆ."

"ಕೊಡು ತಂಗಿ. ನೀನು ಒಳಗೋಗು, ಬೆವರು ಮೈಗೆ ಗಾಳಿ ತಾಗುತ್ತೆ."

ಫ್ಲಾಸ್ಕಿನೊಳಗೆ ಐಸು, ಐಸಿನ ನಡುವೆ ಎದೆಹಾಲಿನ ಬಾಟ್ಲಿ. ರಾತ್ರಿ ಪಾಳಿ ಮುಗಿಸಿ ತಾಯಿ ಮನೆ ಸೇರೋದು ಬಿಸಿಲೇರಿದ ಮೇಲೆ. ಕೂಸು ಅವಳ ನಾದಿನಿ ಹತ್ರ ಇರುತ್ತೆ. ಬೇರೆ ಯಾವ ಹಾಲು ಕೊಟ್ರೂ ಥೂ ಅಂತ ಉಗುಳುತ್ತೆ. ಅದಕ್ಕೇ ದಿನಾ ಡೆಲಿವರಿ ಆ್ಯಪಲ್ಲಿ ಹಾಲು ಮನೆಗೆ ಹೋಗ್ಬೇಕು. ಹೊತ್ಕೊಂಡು ಹೋಗೋರು ನಮ್ಮ ನಿಧಾನಣ್ಣ.

ಹೆಸರು ಸುಮ್ನೆ ಬಂದಿಲ್ಲ. ಇವರ ಸ್ಕೂಟರನ್ನ ಇರುವೆ ಸಾಲು ಓವರ್‌ಟೇಕ್ ಮಾಡುತ್ತೆ, ಮಾಡೋವಾಗ ಹಾರ್ನೂ ಹೊಡೆಯುತ್ತೆ. ಇವರು ಒಂದು ಬೀದಿ ದಾಟೋಷ್ಟರಲ್ಲಿ ಅಲ್ಲಿನ ನಾಯಿ ಮರಿ ಹಾಕಿ, ಆ ಮರಿ ಬೆಳೆದು ಇವರನ್ನೇ ಬೊಗಳಿದ್ದೂ ಉಂಟು. ಹೆಂಡತಿ ನಗ್ತಾರೆ. "ನಮ್ಮ ಮದುವೆಗೂ ಇವರು ಕೊನೇಲೇ ಬಂದಿದ್ದು. ಅಡುಗೆಯೋರು ಪಾತ್ರೆ ತೊಳೀತಿದ್ರು!"

ಮುಂಚೆ ಇವರು ಗಾಜಿನ ಅಂಗಡಿಯ ಲಾರಿ ಓಡಿಸ್ತಿದ್ರು. ಹಿಂದೆ ಆಳೆತ್ತರದ ಗಾಜು ನಿಂತಿರೋವಾಗ ಯಾರಪ್ಪಾ ಜೋರಾಗಿ ಓಡಿಸ್ತಾರೆ? ಅಂಗಡಿ ಬಾಗಿಲು ಹಾಕ್ತು. ವಯಸ್ಸಾಯ್ತು ಅಂತ ಬೇರೆ ಕಡೆ ಕೆಲಸ ಕೊಡ್ಲಿಲ್ಲ. ಲಾರಿ ಹೋಯ್ತು, ನಿಧಾನ ಮಾತ್ರ ಮೈಯಲ್ಲೇ ಉಳೀತು. ಈಗ ಫ್ಲಾಸ್ಕನ್ನ ಹೆಂಡತಿಯ ಹಳೇ ಶಾಲಲ್ಲಿ ಸುತ್ತಿ, ಎರಡು ಪಾದಗಳ ನಡುವೆ ಇಟ್ಕೊಂಡು, ಗುಂಡಿ ಬಂದ್ರೆ ಗುಂಡಿಗೇ ದಾರಿ ಬಿಟ್ಟು ಹೋಗ್ತಾರೆ.

ಇಂಥವರು ಒಂದಿನ ಗಾಳಿ ಥರ ಓಡಿಸಿದ್ರು. ಅದೇ ಕಥೆ.

ಈಗ ಫೋನೊಳಗೆ ಎಐ ಏಜೆಂಟ್ ಅಂತ ಒಬ್ಬ ಕೂತಿರ್ತಾನಲ್ಲ, ಬಾಯಲ್ಲಿ ಹೇಳಿದ್ರೆ ಸಾಕು, ತಾನೇ ಆ್ಯಪೊಳಗೆ ಹೊಕ್ಕು ಆರ್ಡರೂ ಮಾಡ್ತಾನೆ, ವಿಳಾಸನೂ ಬದಲಾಯಿಸ್ತಾನೆ. ಅವತ್ತು ನಸುಕಲ್ಲಿ ಹಾಲು ಕೊಟ್ಟು ಕಳಿಸಿದ ತಾಯಿ, ಫೋನಿಗೆ ಒಂದು ಮಾತು ಹೇಳಿದ್ಲು. "ನಾಳೆಯಿಂದ ನಂಗೆ ಹೊಸ ಲಾಂಡ್ರೀಲಿ ಕೆಲಸ. ನನ್ನ ವಿಳಾಸ ಎಲ್ಲಾ ಕಡೆ ಅಲ್ಲಿಗೆ ಬದಲಿಸಿಬಿಡು." ಹೇಳಿ ಫೋನನ್ನ ಲಾಕರಲ್ಲಿಟ್ಟು ಒಳಗೋದ್ಲು. ಏಜೆಂಟು ವಿಧೇಯ. ಎಲ್ಲಾ ಕಡೆ ಅಂದ್ರೆ ಎಲ್ಲಾ ಕಡೆ! ದಾರೀಲಿದ್ದ ಹಾಲಿನ ವಿಳಾಸನೂ ಬದಲಾಯಿಸ್ತು.

ಸೇತುವೆ ಮೇಲೆ ನಿಧಾನಣ್ಣನ ಫೋನು ಕೂಗ್ತು: ವಿಳಾಸ ಬದಲಾಗಿದೆ, ಹಿಂದಕ್ಕೆ ತಿರುಗಿ. ತಾಯಿಗೆ ಫೋನ್ ಮಾಡಿದ್ರೆ ಎತ್ತೋರಿಲ್ಲ. "ಬದಲಾವಣೆ ಅವಳ ಹೆಸರಲ್ಲೇ ಬಂದಿತ್ತಲ್ಲ. ಕೂಸನ್ನ ಬೇರೆ ಕಡೆ ಕರ್ಕೊಂಡೋಗಿರ್ಬೇಕು ಅನ್ಕೊಂಡೆ," ಅಂತಾರೆ. ತಿರುಗಿಸಿದ್ರು. ಊರಿನ ಆ ತುದಿಗೆ ಹೋಗಿ ನೋಡಿದ್ರೆ ಶಟರ್ ಎಳೆದ ದೊಡ್ಡ ಕಟ್ಟಡ. ಕಾವಲುಗಾರ ಹಲ್ಲುಜ್ಜುತ್ತಾ ಬಂದ.

"ಯಾರಣ್ಣ ಬೇಕು?"

"ಕೂಸು."

"ಕೂಸಾ? ಇದೇ ಇನ್ನೂ ಹುಟ್ಟಿಲ್ಲ ಕಣಣ್ಣ! ನಾಳೆ ಶುರುವಾಗೋ ಲಾಂಡ್ರಿ ಇದು."

ನಿಧಾನಣ್ಣ ಗಾಡಿ ತಿರುಗಿಸಿದ್ರು. ಅಲ್ಲಿ ಕೂಸು ಹಸಿದಿದೆ, ಇಲ್ಲಿ ಐಸು ಕರಗ್ತಿದೆ. ಆಮೇಲೆ ಸ್ಕೂಟರು ಹಾರಿದ್ದೇ ಹಾರಿದ್ದು. ನೆರಳು ಹಿಂದೆ ಬಿದ್ದು, ಏದುಸಿರು ಬಿಡ್ತಾ ಮುಂದಿನ ತಿರುವಲ್ಲಿ ಬಂದು ಸೇರ್ಕೊಂಡಿತಂತೆ. ಫೋನು ದಾರಿಯುದ್ದಕ್ಕೂ ತಪ್ಪು ದಾರಿ, ತಪ್ಪು ದಾರಿ ಅಂತ ಬಡ್ಕೊಳ್ತಿತ್ತು.

ಬೀದಿ ತುದಿಗೇ ಅಳು ಕೇಳಿಸ್ತು. ನಾದಿನಿ ಕೂಸನ್ನ ಹೆಗಲಿಗೆ ಹಾಕ್ಕೊಂಡು ಹೊರಗೇ ನಿಂತಿದ್ಲು, ಅವಳ ಕಣ್ಣೂ ಕೆಂಪು. "ಎಲ್ಲೋಗಿದ್ರಣ್ಣ? ಅತ್ತು ಅತ್ತು ದನಿ ಬಿದ್ದೋಯ್ತು!" ಇವರು ಶಾಲು ಬಿಚ್ಚಿದ್ರು. ಐಸಿನ ಒಂದು ಚೂರು ಇನ್ನೂ ತೇಲ್ತಿತ್ತು. ಹಾಲು ಕೆಟ್ಟಿರ್ಲಿಲ್ಲ.

ಕೂಸು ಕುಡೀತು. ಆ್ಯಪು ಮಾತ್ರ ಒಪ್ಪಲಿಲ್ಲ. ವಿಳಾಸ ಬೇರೆ, ಹಾಗಾಗಿ ಡೆಲಿವರಿ ಮುಗಿದಿಲ್ಲ ಅಂತ ಬೇರೆ ಆರ್ಡರೂ ಕೊಡಲಿಲ್ಲ. ನಿಧಾನಣ್ಣ ಮೆಟ್ಟಿಲ ಮೇಲೆ ಕೂತ್ರು. ಕೂಸು ತೇಗಿದ್ದು ಕೇಳಿಸಿದಾಗ ಇವರಿಗೇ ಹೊಟ್ಟೆ ತುಂಬಿದಂಗಾಯ್ತಂತೆ.

ಬಿಸಿಲೇರಿದ ಮೇಲೆ ಓಡಿ ಬಂದ ತಾಯಿ, ವಿಷಯ ಕೇಳಿ ಫೋನಿಗೇ ಬೈದ್ಲು. "ಹಾಳಾದೋನೆ, ನಿನಗೊಂದು ಹೊಟ್ಟೆ ಇದ್ದಿದ್ರೆ ಗೊತ್ತಾಗ್ತಿತ್ತು!"

"ಬಿಡು ತಂಗಿ," ಅಂದ್ರು ನಿಧಾನಣ್ಣ. "ಪಾಪ, ಹೇಳಿದ್ದನ್ನ ಮಾಡ್ತು. ನಾನೂ ಅದನ್ನೇ ಮಾಡಿದ್ನಲ್ಲ? ಹೊಟ್ಟೆ ಇಟ್ಕೊಂಡೇ ಗಾಡಿ ತಿರುಗಿಸಿದೆ."

ದಾರೀಲಿರೋ ಆರ್ಡರಿಗೆ ಕೈ ಹಾಕೋ ಮುಂಚೆ ತನ್ನನ್ನ ಕೇಳ್ಬೇಕು ಅಂತ ತಾಯಿ ಈಗ ಏಜೆಂಟಿಗೆ ಕಟ್ಟಪ್ಪಣೆ ಮಾಡಿದ್ದಾಳೆ. ನಿಧಾನಣ್ಣನೂ ಒಂದು ಪಾಠ ಕಲ್ತಿದ್ದಾರೆ. ನಡುದಾರೀಲಿ ವಿಳಾಸ ಬದಲಾದ್ರೆ ಗಾಡಿ ಪಕ್ಕಕ್ಕೆ ಹಾಕ್ತಾರೆ. "ಕಳಿಸಿದೋರು ಸಿಗದಿದ್ರೆ ಕಾಯ್ತಿರೋರಿಗೆ ಫೋನ್ ಮಾಡ್ತೀನಿ. ಹಸಿವು ಎಲ್ಲಿದೆ ಅಂತ ಅವರಿಗೇ ಗೊತ್ತು."

ಏನಾದ್ರೂ ಆಸೆ ಇದೆಯಾ ಅಂದ್ರೆ ತಲೆ ಕೆರ್ಕೊಳ್ತಾರೆ. "ನಾನು ಹೋಗೋ ಹೊತ್ತಿಗೆ ಕೂಸು ದಿನಾ ಅಳ್ತಾನೇ ಇರುತ್ತೆ. ಒಂದಿನ ಅದು ಅಳೋಕೆ ಮುಂಚೆ ತಲುಪ್ಬೇಕು. ಅಷ್ಟೇ."

ಹೆಂಡತಿ ಒಳಗಿಂದ್ಲೇ ಕೂಗ್ತಾರೆ. "ಹಂಗಾದ್ರೆ ಸ್ವಲ್ಪ ಜೋರಾಗಿ ಓಡಿಸ್ರೀ!"

"ಬೇಡಮ್ಮ, ಹಾಲು ಕುಲುಕುತ್ತೆ," ಅಂತಾರೆ ನಿಧಾನಣ್ಣ, ಶಾಲು ಮಡಿಸ್ತಾ. "ಇನ್ನೂ ಸ್ವಲ್ಪ ಬೇಗ ಏಳ್ತೀನಿ."