ಇಳಿಯಬಾರದವರ ಸಕ್ಕರೆ ಇಳಿದಾಗ

ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ ಅಂತ ಅಪರಿಚಿತರನ್ನು ಕೂರಿಸಿಕೊಂಡು ಕೇಳುವುದೇ ಮೂರು ವರ್ಷ ನನ್ನ ಉದ್ಯೋಗವಾಗಿತ್ತು. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಸಂಶೋಧನಾ ಕೇಂದ್ರದವರು ಬೊಜ್ಜು ಮತ್ತು ಸಕ್ಕರೆ ಕಾಯಿಲೆಯನ್ನು ಊಟದಿಂದಲೇ ಹತೋಟಿಗೆ ತರುವ ಯೋಜನೆಯೊಂದನ್ನು ಕೈಗೆತ್ತಿಕೊಂಡಿದ್ದರು. ಹೋಮ್ ಸೈನ್ಸ್ ಓದಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಕ್ಷೇತ್ರ ಸಂಶೋಧಕಿ ಅಂತ ತೆಗೆದುಕೊಂಡರು.

ಯೋಜನೆಯ ಉದ್ಘಾಟನೆ ಚೆನ್ನಾಗಿ ನಡೆಯಿತು. ಎರಡನೇ ಮಹಡಿಯ ಹಾಲ್‌ಗೆ ಎಲ್ಲರೂ ಲಿಫ್ಟ್‌ನಲ್ಲಿ ಹೋದೆವು. ಬಹಳ ಹೊತ್ತು ಕೂತೇ ಇರುವುದು ದೇಹಕ್ಕೆ ಎಷ್ಟು ಕೆಟ್ಟದ್ದು ಎಂಬ ವಿಷಯವಾಗಿ ಮುಖ್ಯ ಅತಿಥಿಗಳು ಒಂದೂವರೆ ಗಂಟೆ ಮಾತಾಡಿದರು. ನಾವು ಕೂತು ಕೇಳಿದೆವು. ಆಮೇಲೆ ಮೈಸೂರು ಪಾಕು, ಆಲೂಗಡ್ಡೆ ಬೋಂಡ, ಕಾಫಿ. ಯೋಜನೆಯ ಮುಖ್ಯಸ್ಥರಾದ ನಮ್ಮ ಸರ್, ಪಾಪ, ಒಳ್ಳೆಯ ಮನುಷ್ಯ. ಅಂಗಿಯ ಗುಂಡಿಗಳ ನಡುವೆ ಬನಿಯನ್ ಇಣುಕುವಷ್ಟು ಹೊಟ್ಟೆ. ಬೋಂಡ ಮುಗಿಸಿ, ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ನುಂಗಿ, "ಇನ್ನು ಆರು ತಿಂಗಳಲ್ಲಿ ನೋಡಿ" ಅಂತ ನನ್ನತ್ತ ನಕ್ಕರು. ಯಾರನ್ನು ನೋಡಬೇಕು ಅಂತ ನಾನು ಕೇಳಲಿಲ್ಲ.

ಯೋಜನೆ ಸರಳವಾಗಿತ್ತು. ಸುತ್ತಲಿನ ಕೆಲವು ಫ್ಯಾಕ್ಟರಿಗಳಲ್ಲಿ ದಪ್ಪಗಿರುವ, ಸಕ್ಕರೆ ಇರುವ ಕೆಲಸಗಾರರನ್ನು ಹುಡುಕುವುದು. ಕಂಪ್ಯೂಟರ್ ಅವರನ್ನು ಎರಡು ಗುಂಪು ಮಾಡುತ್ತದೆ. ಒಂದು ಗುಂಪಿಗೆ ವೆನಿಲ್ಲಾ ವಾಸನೆಯ ಪುಡಿಯ ಡಬ್ಬ. ಸಂಜೆ ಊಟದ ಬದಲು ಅದನ್ನು ನೀರಿಗೆ ಕಲಸಿ ಕುಡಿಯಬೇಕು. ಇನ್ನೊಂದು ಗುಂಪಿಗೆ ಒಂದು ಪಾಂಪ್ಲೆಟ್. ಅದರ ಮೇಲೆ ಒಂದು ವಿದೇಶಿ ಕುಟುಂಬ ಹಸಿರು ಹೂಕೋಸಿನಂಥದ್ದೇನನ್ನೋ ಫೋರ್ಕ್‌ಗೆ ಚುಚ್ಚಿಕೊಂಡು ಹಲ್ಲು ಕಿರಿಯುತ್ತಿತ್ತು. ಒಳಗೆ, ಸಮತೋಲನ ಆಹಾರ ಸೇವಿಸಿ, ಒತ್ತಡ ಕಡಿಮೆ ಮಾಡಿಕೊಳ್ಳಿ ಅಂತ ಎರಡು ಸಾಲು. ಈ ಯೋಜನೆಯ ಖರ್ಚು ನೋಡಿಕೊಳ್ಳುತ್ತಿದ್ದವರೂ ಪುಡಿಯ ಕಂಪನಿಯವರೇ. ಹಾಗಾಗಿ ಪುಡಿ ಗುಂಪಿನವರ ಸಕ್ಕರೆ ಇಳಿಯಬೇಕು, ಪಾಂಪ್ಲೆಟ್ ಗುಂಪಿನವರದು ಇದ್ದಲ್ಲೇ ಇರಬೇಕು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಜಿಗಣಿಯ ಒಂದು ಬಿಡಿಭಾಗಗಳ ಫ್ಯಾಕ್ಟರಿ. ಚಂದಾಪುರದ ಮನೆಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ, ಕೈಯಲ್ಲಿ ತೂಕದ ಯಂತ್ರ, ಹೊಟ್ಟೆ ಸುತ್ತಳತೆಯ ಟೇಪು, ಮತ್ತೆ ಒಂದು ಸೂಟ್‌ಕೇಸು. ಸೂಟ್‌ಕೇಸಿನ ತುಂಬ ರಬ್ಬರಿನ ತಿಂಡಿಗಳು. ಎಷ್ಟು ತಿಂದಿರಿ ಅಂತ ಅಂದಾಜು ಮಾಡಲು ವಿದೇಶದಿಂದ ತರಿಸಿದ ಮಾದರಿಗಳವು: ರಬ್ಬರ್ ಬ್ರೆಡ್ಡು, ರಬ್ಬರ್ ಮೀನು, ರಬ್ಬರ್ ಚೀಸು. ಮುದ್ದೆ ಮಾತ್ರ ಇರಲಿಲ್ಲ. ಸರ್‌ಗೆ ಹೇಳಿದೆ. "ಟೆನಿಸ್ ಬಾಲ್ ಇಟ್ಕೊಳ್ಳಿ, ಅಷ್ಟೇ ಇರುತ್ತೆ" ಅಂದರು.

ಆ ಚೆಂಡನ್ನು ಮೊದಲ ಸಲ ತೋರಿಸಿದ್ದು ಆನೇಕಲ್ ಕಡೆಯ ಹಳ್ಳಿಯ ಒಬ್ಬ ಲೇತ್ ಆಪರೇಟರ್‌ಗೆ. ಪಾಂಪ್ಲೆಟ್ ಗುಂಪಿನವರು. ಐವತ್ತರ ಹತ್ತಿರದ ಆಳು. ಚೆಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನ್ ಮೇಡಂ, ಮಗೀಗಾ?"

"ನೀವು ತಿನ್ನೋ ಮುದ್ದೆ ಇಷ್ಟಿರುತ್ತಾ ಅಂತ."

"ಇಷ್ಟ್ ಸಣ್ಣದ್ ಮಾಡಿ ಮಡಗುದ್ರೆ ನಮ್ಮನೇಲಿ ಕೋಳಿಗಾಕವ್ರೆ ಅನ್ಕೋತೀನಿ."

ಎರಡು ಚೆಂಡು ಅಂತ ಬರೆದುಕೊಂಡೆ. ಅವರಾದರೂ ನಿಜ ಹೇಳಿದರು. ಮಿಕ್ಕವರೆಲ್ಲ ನಾನು ಪೆನ್ನು ತೆಗೆದ ಕೂಡಲೇ ಎರಡು ಚಪಾತಿ, ಸೌತೆಕಾಯಿ, ಮಜ್ಜಿಗೆಯ ಮೇಲೆ ಬದುಕುವ ಋಷಿಗಳಾಗಿಬಿಡುತ್ತಿದ್ದರು. ಮೀಸೆಗೆ ಕೇಸರಿಬಾತ್ ಅಂಟಿಕೊಂಡಿದ್ದವರೊಬ್ಬರು ಬೆಳಗ್ಗೆಯಿಂದ ಬರೀ ಬಿಸಿನೀರು ಅಂದರು. ಹಾಗೇ ಬರೆದೆ. ಪುಡಿಯ ಕತೆ ಇನ್ನೂ ಚೆನ್ನಾಗಿತ್ತು. ಅದು ಬಾಯಿಗೆ ಸೇರದೆ ಒಬ್ಬರ ಮನೆಯಲ್ಲಿ ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟಿದ್ದರು. ನನಗೂ ಎರಡು ತಂದುಕೊಟ್ಟರು. ರುಚಿಯಾಗಿತ್ತು.

ಇಂಥವರ ನಡುವೆ ಕ್ಯಾಂಟೀನಿನ ಅಡುಗೆಯಾಕೆ ಸಿಕ್ಕಿದ್ದು. ಯಾದಗಿರಿ ಕಡೆಯವರು, ನಲವತ್ತೈದರ ಹೆಣ್ಣುಮಗಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು ಕೊನೆಗೆ ಒಲೆಯ ಮುಂದೆ ನಿಂತವರು. ಫ್ಯಾಕ್ಟರಿಯವರಿಗೆಲ್ಲ ಅಕ್ಕ, ನನಗೂ ಅಕ್ಕ. ಸಕ್ಕರೆ ಇತ್ತು, ತೂಕ ಜಾಸ್ತಿ ಇತ್ತು, ಪುಡಿ ಗುಂಪಿಗೆ ಬಿದ್ದಿದ್ದರು. ನಿನ್ನೆ ಏನು ತಿಂದಿರಿ ಅಂತ ಕೇಳಿದೆ.

"ಮುಂಜಾನಿ ಐದಕ್ಕ ಚಾ, ಎರಡು ಕಪ್ ರೀ. ಉಪ್ಪಿಟ್ಟು ತಿರುವುವಾಗ ಒಂದ್ ಮುಟಗಿ. ಸಾಂಬಾರ ರುಚಿ ನೋಡಾಕ ನಾಕು ಸಲ, ಅನ್ನದ ಮ್ಯಾಲ ಹಾಕ್ಕೊಂಡೇ ನೋಡ್ಬೇಕಲ್ರೀ. ಆಮ್ಯಾಗ ಊಟ. ಎಲ್ಲಾರದೂ ಆದಮ್ಯಾಗ ಉಳಿದದ್ದು ಚೆಲ್ಲಬಾರದಂತ ಇನ್ನೊಂದೂಟ. ಪಾಯಸ ಮಾಡಿದ ದಿನ ಏನೂ ಕೇಳಬ್ಯಾಡ್ರಿ."

ನಮ್ಮ ಫಾರಮ್ಮಿನಲ್ಲಿ 'ರುಚಿ ನೋಡಿದ್ದು' ಎಂಬ ಕಾಲಮ್ಮೇ ಇರಲಿಲ್ಲ. ಎಲ್ಲವನ್ನೂ ಕೂಡಿಸಿ ಹಾಕಿದರೆ ಕಂಪ್ಯೂಟರ್ ಕೆಂಪು ಬಣ್ಣ ತೋರಿಸಿತು. ಮನುಷ್ಯರು ಇಷ್ಟು ತಿನ್ನುವುದು ಸಾಧ್ಯವಿಲ್ಲ, ಮತ್ತೆ ಕೇಳಿಕೊಂಡು ಬನ್ನಿ ಅಂದರು ಸರ್. ಬಿಸಿನೀರಿನವರನ್ನು ಮಾತ್ರ ಅದು ತಕರಾರಿಲ್ಲದೆ ನುಂಗಿಕೊಂಡಿತ್ತು.

ಮತ್ತೆ ಕೇಳಲು ಹೋದಾಗ ಅಕ್ಕ ನನ್ನನ್ನೇ ಕೇಳಿದರು.

"ನಿಮ್ಮ ಪುಡಿ ಕುಡೀತೀನ್ರಿ ಮೇಡಂ, ಇಲ್ಲ ಅನ್ನಂಗಿಲ್ಲ. ಆದ್ರ ನಾ ಇನ್ನೂರು ಮಂದಿಗೆ ಅಡಗಿ ಮಾಡಾಕಿ. ಸಕ್ಕರಿ ಯಾವುದರಿಂದ ಏರ್ತದ, ಹೆಂಗ ಏರ್ತದ ಅಂತ ನನಗ ಗೊತ್ತಿರಬಾರದೇನ್ರಿ?"

ಗೊತ್ತಿರಬಾರದು ಅಂತಲೇ ನಮ್ಮ ನಿಯಮ. ಬರೆದುಕೊಟ್ಟ ಪ್ರಶ್ನೆಗಳ ಆಚೆ ಒಂದು ಮಾತನ್ನೂ ಆಡಕೂಡದು ಅಂತ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ಸಕ್ಕರೆ ಕಾಯಿಲೆಯನ್ನು ತಡೆಯಲು ಹೊರಟವರು, ಅದರ ಬಗ್ಗೆ ಅಡುಗೆಯವರಿಗೆ ಹೇಳುವುದಿಲ್ಲ ಅಂತ ಸಹಿ ಹಾಕಿದ್ದೆವು. ಐದು ವರ್ಷ ಓದಿದ್ದನ್ನು ಮೊದಲ ಸಲ ಒಬ್ಬರು ಕೇಳಿದಾಗ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎರಡು ಶಿಫ್ಟಿನ ನಡುವೆ ಅರ್ಧ ಗಂಟೆ, ಕ್ಯಾಂಟೀನಿನ ಒದ್ದೆ ಮೇಜಿನ ಮೇಲೆ ತಟ್ಟೆ ಇಟ್ಟು ಹೇಳಿದೆ. ತಟ್ಟೆಯ ಅರ್ಧಕ್ಕೆ ಪಲ್ಯ, ಕೋಸಂಬರಿ. ಕಾಲು ಭಾಗ ಬೇಳೆ, ಕಾಳು ಅಥವಾ ಮೊಟ್ಟೆ. ಉಳಿದ ಕಾಲು ಭಾಗ ಅನ್ನವೋ ರೊಟ್ಟಿಯೋ ಮುದ್ದೆಯೋ. ತರಕಾರಿ ಮೊದಲು, ಅನ್ನ ಆಮೇಲೆ. ಉಂಡಮೇಲೆ ಸ್ವಲ್ಪ ನಡೆಯಬೇಕು. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬಿಡಬಾರದು.

"ಇಷ್ಟೇನ?" ಅಂದರು ಅಕ್ಕ. ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಮುಂದಿನ ತಿಂಗಳು ಹೋದಾಗ ಕ್ಯಾಂಟೀನಿನಲ್ಲಿ ಗಲಾಟೆ ಕೇಳಿಸುತ್ತಿತ್ತು. ಅಕ್ಕ ಅನ್ನದ ದೊಡ್ಡ ಸೌಟನ್ನು ಪಲ್ಯಕ್ಕೂ ಪಲ್ಯದ ಚಿಕ್ಕ ಸೌಟನ್ನು ಅನ್ನಕ್ಕೂ ಹಾಕಿಬಿಟ್ಟಿದ್ದರು.

"ಏನಕ್ಕ ಇದು, ತೀರ್ಥ ಪ್ರಸಾದನಾ? ಅನ್ನ ಹಾಕಕ್ಕ!" ಅಂತ ಸಾಲಿನಲ್ಲಿದ್ದವರೊಬ್ಬರು ಕೂಗಿದರು.

"ಮೊದಲ ಪಲ್ಯ ತಿನ್ನೋ ಯಪ್ಪಾ. ಆಮ್ಯಾಗ ಬಾ, ಹೊಟ್ಟಿ ತುಂಬ ಹಾಕ್ತೀನಿ."

ಪಲ್ಯ ತಿಂದು ಮತ್ತೆ ಸಾಲಿಗೆ ನಿಲ್ಲುವಷ್ಟು ಹಸಿವು ಹೆಚ್ಚಿನವರಿಗೆ ಉಳಿಯುತ್ತಿರಲಿಲ್ಲ. ಚಹಾದ ವಿಷಯದಲ್ಲಿ ಆಕೆ ಇನ್ನೂ ಜಾಣೆ. ಒಮ್ಮೆಲೇ ಸಕ್ಕರೆ ಕಡಿಮೆ ಮಾಡಿದರೆ ಜಗಳ ಆಗುತ್ತದೆಂದು ವಾರಕ್ಕೊಂದು ಹಿಡಿಯಂತೆ ಇಳಿಸುತ್ತಾ ಬಂದಿದ್ದರು. ಮೂರು ತಿಂಗಳಾದರೂ ಯಾರ ನಾಲಿಗೆಗೂ ಸುಳಿವು ಸಿಕ್ಕಿರಲಿಲ್ಲ. ಪಲ್ಯ ಚೆನ್ನಾಗಿಲ್ಲದಿದ್ದರೆ ಯಾರೂ ತಿನ್ನುವುದಿಲ್ಲ ಅಂತ ಶೇಂಗಾಪುಡಿ, ನಾವು ಹುಚ್ಚೆಳ್ಳು ಅನ್ನುವ ಗುರೆಳ್ಳಿನ ಪುಡಿ ಹಾಕಿ ಮಾಡುತ್ತಿದ್ದರು. ವಾರದಲ್ಲಿ ಎರಡು ದಿನ ಜೋಳದ ರೊಟ್ಟಿ, ಹೆಸರುಕಾಳಿನ ಉಸುಳಿ. ನಾನೂ ಕ್ಷೇತ್ರಕಾರ್ಯದ ದಿನಗಳನ್ನು ಆ ಎರಡು ದಿನಕ್ಕೆ ಹೊಂದಿಸಿಕೊಂಡೆ.

ನಾಲ್ಕನೇ ತಿಂಗಳು ನನಗೆ ಹೆದರಿಕೆ ಹುಟ್ಟಿಸಿದ ಒಂದು ಘಟನೆ ನಡೆಯಿತು. ಟೆನಿಸ್ ಬಾಲ್ ನೋಡಿ ನಕ್ಕಿದ್ದ ಲೇತ್ ಆಪರೇಟರ್ ಕೆಲಸದ ನಡುವೆ ಬೆವರಿ, ಕೈ ನಡುಗಿ, ಸ್ಟೂಲಿನ ಮೇಲೆ ಕುಸಿದು ಕೂತರು. ಪರೀಕ್ಷೆ ಮಾಡಿದರೆ ಸಕ್ಕರೆ ತೀರಾ ಕೆಳಗೆ ಹೋಗಿತ್ತು. ಅಕ್ಕ ಓಡಿಬಂದು ಸಕ್ಕರೆ ನೀರು ಕುಡಿಸಿದರು. ನಾನು ಬಾಯಿಬಿಟ್ಟಿದ್ದರಿಂದ ಒಬ್ಬ ಮನುಷ್ಯನಿಗೆ ಏನಾದರೂ ಆಗಿಬಿಡುತ್ತಿತ್ತಲ್ಲ ಅಂತ ಡಾಕ್ಟರನ್ನು ಕರೆಯಲು ಓಡಿದೆ. ಫ್ಯಾಕ್ಟರಿಯ ಡಾಕ್ಟರು ಬಂದು ಅವರ ಮಾತ್ರೆಯ ಚೀಟಿ ನೋಡಿ, "ಊಟ ಸರಿಹೋಗಿದೆ, ಮಾತ್ರೆ ಮಾತ್ರ ಹಳೇ ಲೆಕ್ಕದಲ್ಲೇ ನುಂಗ್ತಿದ್ದಾರೆ. ಕಡಿಮೆ ಮಾಡೋಣ" ಅಂದರು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಅವತ್ತೇ ಮಾತ್ರೆ ನುಂಗುವ ಪ್ರತಿಯೊಬ್ಬರನ್ನೂ ಡಾಕ್ಟರ ಹತ್ತಿರ ಕಳಿಸಿದೆ.

ಕೇಂದ್ರಕ್ಕೆ ತಿಳಿಸಲು ಎಂಟು ಪುಟದ ಫಾರಂ ಇತ್ತು. 'ಈ ಘಟನೆಗೆ ಪುಡಿ ಕಾರಣವೇ?' ಅಂತ ಎಂಟು ಪುಟದಲ್ಲೂ ಬೇರೆ ಬೇರೆ ಥರ ಕೇಳಿದ್ದರು. ಪುಡಿಯನ್ನು ಕಣ್ಣಿಂದಲೂ ನೋಡದ ಪಾಂಪ್ಲೆಟ್ ಗುಂಪಿನವರಿಗೆ ಸಕ್ಕರೆ ಇಳಿದರೆ ಏನು ಬರೆಯಬೇಕು ಅಂತ ಎಲ್ಲೂ ಇರಲಿಲ್ಲ. ಪಾಂಪ್ಲೆಟ್‌ನ ಅಡ್ಡಪರಿಣಾಮ ಅಂತ ಬರೆಯಬಹುದಾ ಅಂತ ಕೇಳಿದೆ. ಸರ್ ನಗಲಿಲ್ಲ.

ಆರು ತಿಂಗಳಾಯಿತು. ಎಲ್ಲ ಫ್ಯಾಕ್ಟರಿಗಳ ರಕ್ತಪರೀಕ್ಷೆ ಬಂತು. ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಜಿಗಣಿಯಲ್ಲಿ ಪುಡಿ ಗುಂಪಿನ ತೂಕ, ಸಕ್ಕರೆ ಎರಡೂ ಇಳಿದಿದ್ದವು. ಪಾಂಪ್ಲೆಟ್ ಗುಂಪಿನದೂ ಅಷ್ಟೇ ಇಳಿದಿತ್ತು.

"ಪಾಂಪ್ಲೆಟ್ ಗುಂಪಿನವರದು ಯಾಕ್ರೀ ಇಳೀತು? ಇಳೀಬಾರದಿತ್ತಲ್ರೀ!" ಸರ್ ಮುಖದಲ್ಲಿ, ಮನೆಯಲ್ಲಿ ಏನೋ ಕಳುವಾದವರ ಕಳೆ.

ಸುಳ್ಳು ಹೇಳಲು ಬರಲಿಲ್ಲ. ಅಕ್ಕನ ವಿಷಯ, ಒದ್ದೆ ಮೇಜಿನ ಪಾಠ, ಸೌಟು, ಚಹಾ, ಎಲ್ಲ ಹೇಳಿದೆ. ಸರ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಇದಕ್ಕೆ ಏನಂತಾರೆ ಗೊತ್ತಾ, ಮಾಲಿನ್ಯ ಅಂತಾರೆ ಅಂದರು. ಒಂದು ಗುಂಪಿಗೆ ಸೇರಿದ ಒಳ್ಳೆಯದು ಇನ್ನೊಂದು ಗುಂಪಿಗೆ ಸೋರಿಹೋದರೆ ಸಂಶೋಧನೆಯಲ್ಲಿ ಅದು ಮಾಲಿನ್ಯ. ಫ್ಯಾಕ್ಟರಿಗಳ ಸುತ್ತಮುತ್ತ ಹರಿಯುತ್ತಿದ್ದ ಕಪ್ಪು ನೀರಿಗೆ ಆ ಪದ ಬಳಸಿದ್ದನ್ನು ಕೇಳಿದ್ದೆ. ಹುರುಳಿಕಾಯಿ ಪಲ್ಯಕ್ಕೆ ಬಳಸಿದ್ದು ಮೊದಲ ಸಲ ಕೇಳಿದೆ. ಅವರ ಮಾತಿನಲ್ಲಿ ನಿಜವೂ ಇತ್ತು. ಎರಡು ಗುಂಪೂ ಒಂದೇ ಅಡುಗೆ ಉಂಡರೆ ಪುಡಿಯಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ. ನಾನು ಸಹಿ ಮುರಿದದ್ದೂ ಸುಳ್ಳಲ್ಲ.

ಮರುದಿನ ಸರ್ ಖುದ್ದಾಗಿ ಜಿಗಣಿಗೆ ಬಂದರು. ಊಟದ ಹೊತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, "ಸ್ವಲ್ಪ ಅನ್ನ ಜಾಸ್ತಿ ಹಾಕಿ" ಅಂದರು. ಅಕ್ಕನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಹೊಟ್ಟೆಯತ್ತ ಒಮ್ಮೆ ನೋಡಿದರು.

"ಸಕ್ಕರಿ ಅದ ಏನ್ರಿ ಸಾಹೇಬ್ರ?"

ಸರ್ ಒಂದು ಕ್ಷಣ ನನ್ನ ಮುಖ ನೋಡಿ, "ಇದೆ" ಅಂದರು. ನಮ್ಮ ಆಫೀಸಿನಲ್ಲಿ ಅದನ್ನು ಯಾರೆದುರೂ ಅವರು ಒಪ್ಪಿಕೊಂಡಿರಲಿಲ್ಲ.

"ಹಂಗಾರ ಈ ಉಸುಳಿ, ಪಲ್ಯ ಮುಗಿಸಿ ಬರ್ರಿ. ಅನ್ನ ಎಲ್ಲೂ ಓಡಿಹೋಗಂಗಿಲ್ಲ."

ಹಿಂದೆ ನಿಂತಿದ್ದವರೆಲ್ಲ ನಕ್ಕರು. ಸರ್ ಕೂತು ಉಸುಳಿ, ಪಲ್ಯ ತಿಂದರು. ಎರಡನೇ ಸಲ ಸಾಲಿಗೆ ಹೋಗಲಿಲ್ಲ. ವಾಪಸ್ಸು ಬರುವಾಗ ನಾನೂ ಅವರ ಕಾರಿನಲ್ಲೇ ಇದ್ದೆ. ಬೊಮ್ಮಸಂದ್ರದ ಸಿಗ್ನಲ್ಲಿನಲ್ಲಿ, "ಗುರೆಳ್ಳುಪುಡಿ ಎಲ್ಲಿ ಸಿಗುತ್ತೆ?" ಅಂತ ಕೇಳಿದರು.

ಇಷ್ಟಾದರೂ ಜಿಗಣಿ ಫ್ಯಾಕ್ಟರಿಯನ್ನು ಅಧ್ಯಯನದಿಂದ ತೆಗೆದುಹಾಕಿದರು. ಯಾಕೆ ತೆಗೆದೆವೆಂದು ಬರೆದುಕೊಡಲು ನನಗೇ ಹೇಳಿದರು. 'ಈ ಸ್ಥಳದಲ್ಲಿ ಎಲ್ಲರೂ ಸರಿಯಾಗಿ ಊಟ ಮಾಡಲು ಶುರುಮಾಡಿದ್ದರಿಂದ' ಅಂತ ಬರೆದೆ. ಅಚ್ಚಾದ ವರದಿಯಲ್ಲಿ ಅದು 'ನಿರ್ವಹಣಾ ಕಾರಣಗಳಿಂದ' ಅಂತ ಆಗಿತ್ತು. ವರದಿಯ ಕೊನೆಯಲ್ಲಿ ಪುಡಿ ಭರವಸೆ ಮೂಡಿಸಿದೆ, ಇನ್ನೂ ದೊಡ್ಡ ಅಧ್ಯಯನ ಆಗಬೇಕಿದೆ ಅಂತ ಇತ್ತು. ಬಿಡುಗಡೆಯ ದಿನ ಹೋಟೆಲ್ಲಿನಲ್ಲಿ ಬಫೆ. ನನಗೂ ಕರೆ ಇತ್ತು, ಹೋಗಲಿಲ್ಲ. ಸರ್ ಐಸ್‌ಕ್ರೀಮ್ ಮುಟ್ಟಲಿಲ್ಲವಂತೆ. ಆಫೀಸಿನವರು ಅದನ್ನೇ ದೊಡ್ಡ ಸುದ್ದಿಯಂತೆ ಹೇಳಿದರು.

ಮೂರನೇ ವರ್ಷ ಮುಗಿದ ಮೇಲೆ ನನ್ನ ಕೆಲಸ ಮುಂದುವರಿಯಲಿಲ್ಲ. ಚಂದಾಪುರದಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಆಹಾರ ಸಲಹೆ ಕೊಡಲು ಸೇರಿಕೊಂಡೆ. ಅಷ್ಟರಲ್ಲಿ ಜಿಗಣಿಯ ಕ್ಯಾಂಟೀನು ಬೇರೆ ಗುತ್ತಿಗೆದಾರರ ಕೈಗೆ ಹೋಗಿ, ಅಕ್ಕ ಅತ್ತಿಬೆಲೆಯ ಇನ್ನೊಂದು ಫ್ಯಾಕ್ಟರಿಗೆ ಅಡುಗೆಗೆ ಹೋದರು ಅಂತ ಕೇಳಿದೆ. ಜಿಗಣಿಯಲ್ಲಿ ಮತ್ತೆ ಅನ್ನದ ಗುಡ್ಡ ಎದ್ದಿತಂತೆ. ಅಲ್ಲಿಯವರ ಸಕ್ಕರೆ ಆಮೇಲೆ ಏನಾಯಿತೋ ತಿಳಿಯದು. ಅಧ್ಯಯನದಿಂದ ಹೊರಗಿಟ್ಟವರ ರಕ್ತವನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಒಂದು ಬೆಳಗ್ಗೆ ಲೇತ್ ಆಪರೇಟರ್ ಹೆಂಡತಿಯನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ಆಕೆಗೂ ಸಕ್ಕರೆ ಶುರುವಾಗಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವರು ಮೇಜಿನ ಮೇಲೆ ಬೆರಳಿನಿಂದ ತಟ್ಟೆ ಬರೆದು, ಅರ್ಧ ಇದು, ಕಾಲು ಇದು ಅಂತ ಹೆಂಡತಿಗೆ ಪಾಠ ಶುರುಮಾಡಿದರು. ಅಕ್ಕನಿಂದ ಕಲಿತದ್ದು, ಎಲ್ಲೂ ತಪ್ಪಿಲ್ಲ. ನನಗೆ ಸೇರಿಸಲು ಏನೂ ಉಳಿಯಲಿಲ್ಲ.

ಆಕೆ ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಯೋಳೋದೇನೋ ಚೆನ್ನಾಗ್ ಯೋಳ್ತಾರೆ ಮೇಡಂ. ಕೆಲ್ಸಕ್ಕೋಗೋ ಒತ್ನಲ್ಲಿ ಅಷ್ಟು ತರ್ಕಾರಿ ಕುಯ್ಯೋರು ಯಾರು, ಕೇಳಿ."

ಕೇಳಿದೆ. ಗಂಡ ಕ್ಲಿನಿಕ್ಕಿನ ಫ್ಯಾನು ನೋಡುತ್ತಾ ಕೂತರು.